ಹುಲ್ಲಿಗೊಬ್ಬ ಅಧ್ಯಕ್ಷ

ದಿಲ್ಲಿಯ ಕನ್ನಡಿಗರು ಚಾಣಕ್ಯಪುರಿಗೆ ಎರಡೇ ಕಾರಣಕ್ಕೆ ಬರುತ್ತಾರೆ ಅಂತ ನಮ್ಮಲ್ಲೊಂದು ತಮಾಷೆ. ಒಂದು ವೀಸಾ ಕೆಲಸ, ಇನ್ನೊಂದು ಕರ್ನಾಟಕ ಭವನದ ಊಟ. ಎರಡನೆಯದರ ಸಲುವಾಗಿ ನಾನು ಈ ರಸ್ತೆಗಳಲ್ಲಿ ನಲವತ್ತು ವರ್ಷದಿಂದ ಓಡಾಡಿದ್ದೇನೆ. ಭವನ ಇರುವುದು ಕೌಟಿಲ್ಯ ಮಾರ್ಗದಲ್ಲಿ. ಚಾಣಕ್ಯಪುರಿಯಲ್ಲಿ ಕೌಟಿಲ್ಯ ಮಾರ್ಗ, ಅಂದರೆ ಒಬ್ಬನೇ ಮನುಷ್ಯನಿಗೆ ಎರಡು ಸಲ ಗೌರವ! ರಾಯಭಾರಿ ಕಚೇರಿಗಳಿಗಾಗಿ 1950ರ ದಶಕದಲ್ಲಿ ಈ ಬಡಾವಣೆ ಕಟ್ಟಿದಾಗ ರಾಜನೀತಿಯ ಗುರುವಿನ ಹೆಸರಿಟ್ಟದ್ದು ಸರಿಯಾಗೇ ಇದೆ. ಆದರೆ ಆ ಹೆಸರಿನ ಹಿಂದೆ ನಮ್ಮ ಮೈಸೂರಿನ ಪಾಲೊಂದು ಇದೆ ಅನ್ನುವುದು ಇಲ್ಲಿ ಓಡಾಡುವ ಎಷ್ಟು ಜನಕ್ಕೆ ಗೊತ್ತೋ.

ಕೌಟಿಲ್ಯನ ಹೆಸರು ಹಳೆಯದು, ನಿಜ. ಅವನ 'ಅರ್ಥಶಾಸ್ತ್ರ' ಮಾತ್ರ ಶತಮಾನಗಳ ಕಾಲ ಬರೀ ಹೆಸರಾಗಿ ಉಳಿದಿತ್ತು. ಬೇರೆ ಪುಸ್ತಕಗಳಲ್ಲಿ ಅದರ ಪ್ರಸ್ತಾಪ ಬರುತ್ತಿತ್ತೇ ಹೊರತು ಪೂರ್ತಿ ಗ್ರಂಥ ವಿದ್ವಾಂಸರ ಕೈಗೆ ಸಿಕ್ಕಿರಲಿಲ್ಲ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಗೆ ಕೊಟ್ಟ ತಾಳೆಗರಿ ಕಟ್ಟಿನಲ್ಲಿ ಅದು ಇದೆ ಎಂದು 1905ರಲ್ಲಿ ಗುರುತಿಸಿದವರು ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು. ಕಾವೇರಿ ದಂಡೆಯ ರುದ್ರಪಟ್ಟಣದವರು. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ಪ್ರಕಟಿಸಿದರು. ಅಲ್ಲಿಂದಾಚೆಗೆ ಪ್ರಪಂಚವೇ ಚಾಣಕ್ಯನನ್ನು ಓದಿತು.

ಎಲ್ಲರೂ ಓದುವುದು ಗೂಢಚಾರರು, ಸಾಮ ದಾನ ಭೇದ ದಂಡ, ಇಂಥವನ್ನೇ. ನನಗೆ ಹಿಡಿಸಿದ್ದು ಎರಡನೆಯ ಅಧಿಕರಣ. ರಾಜ್ಯದ ಯಾವ್ಯಾವ ಇಲಾಖೆಗೆ ಯಾರ್ಯಾರು ಅಧ್ಯಕ್ಷರು, ಅವರ ಕೆಲಸವೇನು ಅನ್ನುವ ಭಾಗ ಅದು. ಅದರಲ್ಲಿ 'ಗೋಧ್ಯಕ್ಷ' ಅಂತ ಒಬ್ಬ ಅಧಿಕಾರಿ ಬರುತ್ತಾನೆ. ದನದ ಹಿಂಡುಗಳ ಲೆಕ್ಕ ಅವನದು. ನೂರು ನೂರು ರಾಸುಗಳ ಹಿಂಡು ಮಾಡಿ ಕಾಯುವವರು, ಕರೆಯುವವರು, ಕಡೆಯುವವರನ್ನು ನೇಮಿಸಬೇಕು. ಅವರಿಗೆ ಸಂಬಳ ಕೊಡಬೇಕು, ಹಾಲು ತುಪ್ಪದಲ್ಲಿ ಪಾಲು ಕೊಡಬಾರದು. ಯಾಕೆ ಗೊತ್ತೇ? ಪಾಲು ಕೊಟ್ಟರೆ ಹೆಚ್ಚು ಹಾಲಿನ ಆಸೆಗೆ ಕರುಗಳನ್ನು ಉಪವಾಸ ಕೆಡವುತ್ತಾರಂತೆ! ಎರಡು ಸಾವಿರ ವರ್ಷದ ಹಿಂದೆ ಹೀಗೆ ಬರೆದವನು ಕೊಟ್ಟಿಗೆಯೊಳಗೆ ನಿಂತು ನೋಡಿರಲೇಬೇಕು. ಹುಟ್ಟಿದ ಕರುವಿಗೆ ಬರೆ ಹಾಕಿ ಗುರುತು ಮಾಡಬೇಕು. ಬಣ್ಣ, ಸುಳಿ, ಕೊಂಬುಗಳ ನಡುವಿನ ಅಂತರ ಎಲ್ಲವೂ ದಾಖಲಾಗಬೇಕು. ಹುಲಿ ಹಾವುಗಳ ಕಾಟವಿದ್ದಲ್ಲಿ ಕೊರಳಿಗೆ ಗಂಟೆ ಕಟ್ಟಬೇಕು. ರಾಸು ತಾನಾಗಿ ಸತ್ತರೆ ಬರೆಯ ಗುರುತಿರುವ ಚರ್ಮ ತಂದೊಪ್ಪಿಸಬೇಕು. ಮಾಂಸವನ್ನು ಹಸಿಯಾಗೋ ಒಣಗಿಸಿಯೋ ಮಾರಬಹುದು. ಇನ್ನೊಂದು ಅಧ್ಯಾಯದಲ್ಲಿ ಕರು, ಹೋರಿ, ಹಾಲು ಕೊಡುವ ಹಸು ಇವನ್ನು ಕಡಿಯಕೂಡದು, ಕಡಿದರೆ ದಂಡ ಎಂದೂ ಇದೆ. ಇವತ್ತು ದನದ ವಿಚಾರಕ್ಕೆ ಜಗಳವಾಡುವ ಎರಡೂ ಕಡೆಯವರಿಗೆ ಬೇಕಾದ ಸಾಲು ಒಂದೇ ಪುಸ್ತಕದಲ್ಲಿ ಸಿಗುತ್ತದೆ. ಇರಲಿ, ನಾನು ಹೇಳಹೊರಟದ್ದು ಆ ಜಗಳದ ಬಗ್ಗೆ ಅಲ್ಲ.

ಗೋಧ್ಯಕ್ಷನಲ್ಲದೆ ಇನ್ನೊಬ್ಬನಿದ್ದಾನೆ, 'ವಿವೀತಾಧ್ಯಕ್ಷ'. ವಿವೀತ ಅಂದರೆ ಹುಲ್ಲುಗಾವಲು. ದನಕ್ಕೊಬ್ಬ ಅಧಿಕಾರಿ, ದನ ಮೇಯುವ ಹುಲ್ಲಿಗೆ ಬೇರೆಯೇ ಒಬ್ಬ! ಉಳುಮೆಗೆ ಬಾರದ ನೆಲವನ್ನು ಮೊದಲು ಪಶುಗಳ ಮೇವಿಗೆ ಬಿಡಬೇಕು ಅಂತ ಅದೇ ಅಧಿಕರಣದಲ್ಲಿ ಹೇಳಿ, ಆ ನೆಲದ ಉಸ್ತುವಾರಿ ಇವನಿಗೆ ಕೊಟ್ಟಿದ್ದಾನೆ. ನೀರಿಲ್ಲದ ಕಡೆ ಬಾವಿ, ಕಟ್ಟೆ ಮಾಡಿಸುವುದು, ಕಳ್ಳರು ಬಂದರೆ ಶಂಖ ನಗಾರಿ ಬಾರಿಸಿ ಎಚ್ಚರಿಸುವುದು ಇವನ ಪಾಲಿನ ಕೆಲಸ. ಇನ್ನೂ ಸ್ವಾರಸ್ಯವೆಂದರೆ ಈತ ಬರುವ ಅಧ್ಯಾಯ ಒಂಟಿಯಾದುದಲ್ಲ. ಅದೇ ಅಧ್ಯಾಯದ ಮೊದಲರ್ಧ 'ಮುದ್ರಾಧ್ಯಕ್ಷ'ನದು. ಜನ ನಾಡಿನ ಒಳಗೆ ಹೊರಗೆ ಓಡಾಡಲು ಮುದ್ರೆ, ಅಂದರೆ ಇವತ್ತಿನ ಪಾಸ್‌ಪೋರ್ಟು, ಕೊಡುವವನು. ಊರುಗಳ ನಡುವಿನ ಹುಲ್ಲುಗಾವಲಿನಲ್ಲಿ ಆ ಮುದ್ರೆಯನ್ನು ತಪಾಸಣೆ ಮಾಡುವವನೇ ವಿವೀತಾಧ್ಯಕ್ಷ. ಪಾಸ್‌ಪೋರ್ಟು ಮತ್ತು ಹುಲ್ಲು ಒಂದೇ ಅಧ್ಯಾಯ! ಅವನ ಹೆಸರಿನ ಬಡಾವಣೆಯಲ್ಲಿ ಈಗ ಉಳಿದಿರುವುದು ಮೊದಲರ್ಧ ಮಾತ್ರ.

ಈ ಎರಡನೆಯ ಅರ್ಧ ನಮ್ಮ ಕರ್ನಾಟಕದಲ್ಲಿ ಮುನ್ನೂರು ವರ್ಷ ನಿಜವಾಗಿಯೂ ನಡೆದಿತ್ತು. ಅದರ ಹೆಸರು ಅಮೃತಮಹಲ್.

ನಾನು ಕಡೂರು ಸೀಮೆಯವನು. ನಮ್ಮ ಕಡೆ 'ಕಾವಲು' ಅಂದರೆ ಪೊಲೀಸು ಪಹರೆ ಅಲ್ಲ, ದನ ಮೇಯುವ ದೊಡ್ಡ ಬಯಲು. ಆ ಬಯಲುಗಳ ಕಥೆ ವಿಜಯನಗರದ ಕಾಲಕ್ಕೆ ಹೋಗುತ್ತದೆ. ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಗಳು ಹಳ್ಳಿಕಾರ್ ದನಗಳ ಹಿಂಡು ಸಾಕಿದ್ದರು. ಅವು ಮೈಸೂರು ಒಡೆಯರಿಗೆ ಬಂದವು. 1672ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಹಿಂಡನ್ನು ಬೆಳೆಸಿ ಅದಕ್ಕೊಂದು ಇಲಾಖೆಯನ್ನೇ ಕಟ್ಟಿದರು. ಹೆಸರು 'ಬೆಣ್ಣೆ ಚಾವಡಿ'. ಅರಮನೆಗೆ ಹಾಲು ಬೆಣ್ಣೆ ಬರುತ್ತಿದ್ದುದರಿಂದ ಆ ಹೆಸರು. ಬೇರೆ ಬೇರೆ ಸೀಮೆಗಳಲ್ಲಿ ಈ ದನಗಳಿಗೆಂದೇ ಕಾವಲುಗಳನ್ನು ಗೊತ್ತುಮಾಡಿದರು.

ಹೈದರಾಲಿ ಬಂದ ಮೇಲೆ ಬೆಣ್ಣೆ ಹಿಂದೆ ಸರಿದು ಫಿರಂಗಿ ಮುಂದೆ ಬಂತು. ಸೈನ್ಯದ ಸಾಮಾನು, ತೋಪು ಎಳೆಯುವುದಕ್ಕೆ ಇಂಥ ಎತ್ತು ಬೇರೆಲ್ಲೂ ಇಲ್ಲ ಅಂತ ಅವನಿಗೆ ಗೊತ್ತಾಯಿತು. ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಹೋದದ್ದು, ಸೋತಾಗಲೂ ಶತ್ರುವಿನ ಕಣ್ಣೆದುರೇ ತೋಪುಗಳನ್ನು ಎಳೆದುಕೊಂಡು ಪಾರಾದದ್ದು ಈ ಎತ್ತುಗಳಿಂದ ಅಂತ ಬ್ರಿಟಿಷರೇ ಬರೆದಿಟ್ಟಿದ್ದಾರೆ. ಟಿಪ್ಪು ಬಿದನೂರನ್ನು ಮರಳಿ ಪಡೆಯಲು ಒಂದೇ ತಿಂಗಳಲ್ಲಿ ಆ ಕರಾವಳಿಯ ಕಡೆಯಿಂದ ಈ ಕಡೆಗೆ ಬಂದದ್ದೂ ಇವುಗಳ ಬಲದಿಂದಲೇ. ಬೆಣ್ಣೆ ಚಾವಡಿಯ ಹೆಸರನ್ನು 'ಅಮೃತಮಹಲ್' ಎಂದು ಬದಲಿಸಿದವನು ಟಿಪ್ಪು. ಹಿಂಡಿನ ಆಡಳಿತಕ್ಕೆ ಹುಕುಂನಾಮೆಯನ್ನೂ ಹೊರಡಿಸಿದ. ಕೌಟಿಲ್ಯನ ತಾಳೆಗರಿ ಬೆಳಕಿಗೆ ಬರಲು ಇನ್ನೂ ನೂರು ವರ್ಷಕ್ಕಿಂತ ಹೆಚ್ಚು ಬಾಕಿ ಇತ್ತು. ಆದರೂ ಬರೆ, ಲೆಕ್ಕ, ಎಣಿಕೆ, ಸಂಬಳದ ದನಗಾಹಿಗಳು, ಎಲ್ಲ ಹೆಚ್ಚುಕಡಿಮೆ ಅದೇ ಪದ್ಧತಿ. ದನ ಸಾಕುವವನಿಗೆ ಬುದ್ಧಿ ಕಲಿಸುವುದು ದನವೇ ಇರಬೇಕು.

ಕಾವಲುಗಳನ್ನು ಬಳಸುತ್ತಿದ್ದ ಕ್ರಮ ಇನ್ನೂ ಚೆಂದ. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆ ಕಾವಲು ಅಂತ ಮೂರು ಬಗೆ. ಬೇಸಿಗೆಯವು ನೀರು ನೆರಳು ಇರುವ, ಕೆರೆಯಂಗಳದ ಹುಲ್ಲಿರುವ ಜಾಗಗಳು. ಬಿಸಿಲು ಬಂತೆಂದರೆ ಹಿಂಡು ಅಲ್ಲಿಗೆ, ಮಳೆ ಬಿದ್ದರೆ ಮೇಲುಗಡೆಯ ಬಯಲಿಗೆ. ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲು ಬೀಜ ಕಟ್ಟಿ ಚೇತರಿಸಿಕೊಳ್ಳುತ್ತಿತ್ತು. ದನಗಳು ವರ್ಷವಿಡೀ ಆಕಾಶದ ಕೆಳಗೇ. ಕೊಟ್ಟಿಗೆ ಇಲ್ಲ, ಹಿಂಡಿ ಬೂಸ ಇಲ್ಲ. ಆ ಹಸುಗಳು ಕರೆಯುವವರಿಗೆ ಅಷ್ಟು ಸುಲಭವಾಗಿ ಒಗ್ಗುವವೂ ಅಲ್ಲ. ಹಾಲು ಕರುವಿಗೆ ಸಾಕಾದರೆ ಆಯಿತು. ಬೂದು ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಉದ್ದನೆಯ ಚೂಪು ಕೊಂಬು, ಬೆಂಕಿಯಂಥ ಸ್ವಭಾವ. ಅಪರಿಚಿತರು ಹತ್ತಿರ ಹೋದರೆ ಹಿಂಡಿಗೆ ಹಿಂಡೇ ತಲೆಯೆತ್ತಿ ನಿಲ್ಲುತ್ತದೆ. ನೋಡಿದವರು ಮರೆಯುವುದಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಹಿಂಡು ಕೈಬದಲಾಗಿ, ನೋಡಿಕೊಳ್ಳುವವರಿಲ್ಲದೆ ಕ್ಷೀಣಿಸಿತು. 1813ರಲ್ಲಿ ಮದ್ರಾಸ್ ಸೈನ್ಯದ ಕ್ಯಾಪ್ಟನ್ ಹಾರ್ವೆ ವಹಿಸಿಕೊಂಡ ಮೇಲೆ ಮತ್ತೆ ಸುಧಾರಿಸಿತು. ಮೈಸೂರಿನ ಎತ್ತಿನ ರುಚಿ ಕಂಡಿದ್ದ ವೆಲ್ಲೆಸ್ಲಿ, ಮುಂದೆ ಸ್ಪೇನಿನಲ್ಲಿ ನೆಪೋಲಿಯನ್ನನ ಸೈನ್ಯದ ಮೇಲೆ ಯುದ್ಧ ಮಾಡುವಾಗ, ಅವು ಇಲ್ಲಿದ್ದಿದ್ದರೆ ಅಂತ ಹಂಬಲಿಸುತ್ತಿದ್ದನಂತೆ. ಆದರೂ 1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಮದ್ರಾಸ್ ಸರ್ಕಾರ ಇಲಾಖೆಯನ್ನು ಮುಚ್ಚಿ ಹಿಂಡನ್ನು ಮಾರಿಬಿಟ್ಟಿತು. ಮಾರಿದ ಮೇಲೆ ಸೈನ್ಯಕ್ಕೆ ಒಳ್ಳೆ ಎತ್ತು ಸಿಗುವುದು ಕಷ್ಟವಾಯಿತು. 1866ರಲ್ಲಿ ಅಲ್ಲಿ ಇಲ್ಲಿ ಉಳಿದಿದ್ದ ರಾಸುಗಳನ್ನು ಕೂಡಿಸಿ ಪುನಃ ಶುರುಮಾಡಬೇಕಾಯಿತು. ಆರು ವರ್ಷದ ಉಳಿತಾಯಕ್ಕೆ ನೂರೈವತ್ತು ವರ್ಷದ ಗಳಿಕೆ ಹೋಗುವುದರಲ್ಲಿತ್ತು. ಆಗ ಉಳಿದದ್ದು ಯಾಕೆಂದರೆ ದನ ಹೋಗಿದ್ದರೂ ಕಾವಲು ಹೋಗಿರಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯುದ್ಧದ ಕೆಲಸ ಮುಗಿದ ಮೇಲೆ ಅಮೃತಮಹಲಿಗೆ ಸಿಕ್ಕಿದ್ದು ನೇಗಿಲು ಮತ್ತು ಗಾಡಿ. ಸರ್ಕಾರಿ ಕಾವಲಿನ ಹೋರಿಕರುಗಳು ಹರಾಜಿನಲ್ಲಿ ರೈತರ ಮನೆ ಸೇರುತ್ತಿದ್ದವು. ನಮ್ಮ ಅಜ್ಜನ ಮನೆಯಲ್ಲಿ ಹೀಗೆ ಬಂದ ಒಂದು ಜೊತೆ ಇತ್ತು. ಎರಡು ವರ್ಷ ಪಳಗಿಸಿದರಂತೆ, ಪಳಗಿದ ಮೇಲೆ ಹದಿನೈದು ವರ್ಷ ದುಡಿದವಂತೆ. ಅಜ್ಜ ಅವನ್ನು ಕೂಗುತ್ತಿದ್ದ ಹೆಸರುಗಳು ಮನೆಯಲ್ಲಿ ಈಗಲೂ ಚಾಲ್ತಿಯಲ್ಲಿವೆ. ಹಟಮಾರಿ ಮಕ್ಕಳನ್ನು ಆ ಹೆಸರಿನಿಂದ ಬೈಯುತ್ತಾರೆ! ಅಪ್ಪನ ಕಾಲಕ್ಕೆ ನಾಟಿ ಎತ್ತು, ಅಣ್ಣನ ಕಾಲಕ್ಕೆ ಟಿಲ್ಲರು. ಈಗ ಅಣ್ಣನ ಮಗ ಬಾಡಿಗೆ ಟ್ರ್ಯಾಕ್ಟರಿನಲ್ಲಿ ಉಳುಮೆ ಮುಗಿಸುತ್ತಾನೆ, ಕೊಟ್ಟಿಗೆಯಲ್ಲಿ ಡೇರಿಗೆ ಹಾಲು ಹಾಕುವ ಎರಡು ಸೀಮೆ ಹಸು. ನಾಲ್ಕು ತಲೆಮಾರಿನ ಬೇಸಾಯದ ಮನೆ, ಒಂದು ಎತ್ತಿಲ್ಲ. ಇದು ನಮ್ಮೊಂದೇ ಮನೆಯ ಕಥೆ ಅಲ್ಲವಲ್ಲ.

ಈಗ ಸ್ವಲ್ಪ ದೂರದ ಊರಿಗೆ ಹೋಗಿ ಬರೋಣ. ನನ್ನ ತಂಗಿಯ ಮಗ ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ. ಒಂದು ದಿನ ಫೋಟೋ ಕಳಿಸಿ "ಮಾವ, ಇದು ನಮ್ಮೂರ ಕಡೆ ಹೋರಿ ಥರಾನೇ ಇದೆಯಲ್ಲ!" ಅಂದ. ಹೌದು, ಇಣಿ, ಜೋಲುವ ಗಂಗೆದೊಗಲು, ಬೂದು ಬಣ್ಣ. ಅವನ ಮನೆಯಿಂದ ಸ್ವಲ್ಪ ದೂರದಲ್ಲಿ ತಾತ ಮುತ್ತಾತನ ಕಾಲದಿಂದ ಜಮೀನು ಮಾಡಿಕೊಂಡು ಬಂದ ಕುಟುಂಬವೊಂದು ಬೆಳೆ ಬಿಟ್ಟು, ನೆಲವನ್ನೆಲ್ಲ ಹುಲ್ಲಿಗೆ ಹಾಕಿ ಮಾಂಸದ ದನ ಸಾಕುತ್ತಿದೆಯಂತೆ. ಅಲ್ಲಿ ಮಾಮೂಲಿನ ಪದ್ಧತಿ ಬೇರೆ. ದನವನ್ನು ಕೊನೆಯ ಕೆಲವು ತಿಂಗಳು ಒತ್ತಾಗಿ ಕೂಡಿಹಾಕಿ ಮೆಕ್ಕೆಜೋಳ ತಿನ್ನಿಸಿ ಕೊಬ್ಬಿಸುತ್ತಾರೆ. ಇವರು ಹಾಗಲ್ಲ, ಕೊನೆತನಕ ಹುಲ್ಲು ಮೇಯಿಸುತ್ತಾರೆ. ಬಯಲನ್ನು ತುಂಡು ತುಂಡು ಮಾಡಿ, ಒಂದು ಮೇಯುವಾಗ ಇನ್ನೊಂದಕ್ಕೆ ಬಿಡುವು ಕೊಡುತ್ತಾರೆ. ಅದಕ್ಕೆ ಹೆಚ್ಚಿನ ಬೆಲೆ ಬೇರೆ. ಹೊಸ ವಿಜ್ಞಾನ ಅಂತ ಅವನು ವಿವರಿಸುತ್ತಿದ್ದರೆ ನನಗೆ ಮಳೆಗಾಲದ ಕಾವಲು, ಬೇಸಿಗೆ ಕಾವಲು ನೆನಪಾಗುತ್ತಿತ್ತು.

ಆ ದನದ ತಳಿಯ ಹೆಸರು 'ಬ್ರಾಹ್ಮನ್'! ಮಾಂಸದ ದನಕ್ಕೆ ಇಂಥ ಹೆಸರೇ ಅಂತ ನಗಬೇಡಿ, ಇಂಡಿಯಾದಿಂದ ಬಂದದ್ದಕ್ಕೆ ಅವರಿಗೆ ತೋಚಿದ ಹೆಸರು ಅದು. ಇದರ ಚರಿತ್ರೆ ಓದಿದರೆ ಅಚ್ಚರಿಯಾಗುತ್ತದೆ. 1854ರಲ್ಲಿ ಲೂಸಿಯಾನಾದ ತೋಟಗಾರ ರಿಚರ್ಡ್ ಬ್ಯಾರೋ ಎಂಬುವನಿಗೆ, ಇಂಡಿಯಾದಲ್ಲಿ ಹತ್ತಿ ಕಬ್ಬು ಬೆಳೆಸಲು ಹೊರಟಿದ್ದ ಬ್ರಿಟಿಷರಿಗೆ ಕೆಲಸ ಕಲಿಸಿಕೊಟ್ಟದ್ದಕ್ಕಾಗಿ ಎರಡು ಇಂಡಿಯಾದ ಹೋರಿಗಳು ಇನಾಮಾಗಿ ಸಿಕ್ಕವು. 1906ರಲ್ಲಿ ಟೆಕ್ಸಾಸಿನ ಪಿಯರ್ಸ್ ರ‍್ಯಾಂಚಿನ ಬಾರ್ಡನ್ ಎಂಬುವನು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರ ನೆರವಿನಿಂದ ಪರವಾನಗಿ ಪಡೆದು ಇನ್ನೊಂದಿಷ್ಟು ತರಿಸಿದ. ಹೀಗೆ 1926ರವರೆಗೆ ಹೋದದ್ದೆಲ್ಲ ಸೇರಿಸಿದರೂ ಮುನ್ನೂರಕ್ಕಿಂತ ಕಡಿಮೆ ರಾಸು. ಅವುಗಳಿಂದ ಕಟ್ಟಿದ ತಳಿಗೆ ನಾಲ್ಕು ಮೂಲ: ಗಿರ್, ಗುಜರಾತಿನ ಕಾಂಕ್ರೇಜ್, ನೆಲ್ಲೂರು, ಮತ್ತು ನಮ್ಮ ಕೃಷ್ಣಾ ವ್ಯಾಲಿ. ಹೌದು, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎರೆಹೊಲ ಉಳಲಿಕ್ಕೆಂದು ದಕ್ಷಿಣ ಮಹಾರಾಷ್ಟ್ರದ ಸಂಸ್ಥಾನಿಕರು ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆಸಿದ ಕೃಷ್ಣಾ ತೀರದ ಎತ್ತಿನ ತಳಿ. ಊರಲ್ಲಿ ಅದನ್ನೀಗ ಹುಡುಕಬೇಕು. ಅದರ ರಕ್ತ ಟೆಕ್ಸಾಸಿನಲ್ಲಿ ಹಾಯಾಗಿ ಮೇಯುತ್ತಿದೆ.

ಅಲ್ಲಿನ ರೈತರಿಗೆ ನಮ್ಮ ದನ ಯಾಕೆ ಬೇಕಾಯಿತು? ಇಂಗ್ಲೆಂಡಿನಿಂದ ಬಂದ ಶಾರ್ಟ್‌ಹಾರ್ನ್ ದನಕ್ಕೆ ಟೆಕ್ಸಾಸಿನ ಬಿಸಿಲು, ಉಣ್ಣೆ ಕಾಟ ತಡೆಯಲಾಗುತ್ತಿರಲಿಲ್ಲ. ನಮ್ಮವು ಸೆಕೆಗೆ ಹುಟ್ಟಿದವು. 1853ರಲ್ಲಿ ಶುರುವಾದ ಕಿಂಗ್ ರ‍್ಯಾಂಚಿನವರು ಎರಡನ್ನೂ ಬೆರೆಸಿ 'ಸಾಂತಾ ಗೆರ್ಟ್ರೂಡಿಸ್' ಅಂತ ಹೊಸ ತಳಿಯನ್ನೇ ಮಾಡಿದರು. 1920ರಲ್ಲಿ ಹುಟ್ಟಿದ 'ಮಂಕಿ' ಎಂಬ ಹೋರಿ ಅದರ ಮೂಲಪುರುಷ. 1940ರಲ್ಲಿ ಅದಕ್ಕೆ ಸರ್ಕಾರದ ಮಾನ್ಯತೆ ಸಿಕ್ಕಿತು. ಆ ರ‍್ಯಾಂಚು 8,25,000 ಎಕರೆ, ಈಗಲೂ ಮೂಲ ಕುಟುಂಬದ ವಂಶಸ್ಥರದೇ. ಬ್ರೆಜಿಲ್ಲಿನ ಕಥೆ ಇನ್ನೂ ದೊಡ್ಡದು. ನೆಲ್ಲೂರಿನ ಹೆಸರಿನಿಂದಲೇ ಕರೆಸಿಕೊಳ್ಳುವ 'ನೆಲೋರ್' ಅಲ್ಲಿನ ಮಾಂಸದ ಹಿಂಡಿನ ಬಹುಪಾಲು. 2023ರಲ್ಲಿ ಆ ತಳಿಯ ವಿಯಾಟಿನಾ-19 ಎಂಬ ಹಸುವಿಗೆ 40 ಲಕ್ಷ ಡಾಲರಿಗೂ ಹೆಚ್ಚು ಬೆಲೆ ಕಟ್ಟಿ ಗಿನ್ನೆಸ್ ದಾಖಲೆ ಆಯಿತು.

ಹಾಗಾದರೆ ನಾವೂ ಹಾಗೇ ಮಾಡಬೇಕಿತ್ತೇ ಅಂತ ನೀವು ಕೇಳಬಹುದು. ನನ್ನ ಮಾತು ಅದಲ್ಲ. ನಮ್ಮಲ್ಲಿ ಅದಕ್ಕೆ ಮನಸ್ಸೂ ಇರಲಿಲ್ಲ, ಕಾನೂನೂ ಇರಲಿಲ್ಲ. ಸಂವಿಧಾನದ 48ನೇ ವಿಧಿಯಿದೆ. ಕರ್ನಾಟಕದಲ್ಲಿ 1964ರ ಕಾಯ್ದೆ ಹಸು ಕರುಗಳ ವಧೆಯನ್ನು ನಿಷೇಧಿಸಿ, ಹನ್ನೆರಡು ವರ್ಷ ದಾಟಿದ ಅಥವಾ ಕೆಲಸಕ್ಕೆ ಬಾರದ ಎತ್ತು ಕೋಣಗಳಿಗೆ ಪ್ರಮಾಣಪತ್ರದ ಮೇಲೆ ಅವಕಾಶ ಕೊಟ್ಟಿತ್ತು. 2021ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಹದಿಮೂರು ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟರೆ ಉಳಿದ ಯಾವುದಕ್ಕೂ ಅವಕಾಶವಿಲ್ಲ. ದಿಲ್ಲಿಯಲ್ಲೂ 1994ರಿಂದ ಕಟ್ಟುನಿಟ್ಟಿನ ಕಾಯ್ದೆಯಿದೆ. ಇದು ಸರಿ ತಪ್ಪು ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಕಾಣುವುದು ಇಷ್ಟೇ: ಒಂದು ತಳಿ ಉಳಿಯಬೇಕಾದರೆ ಅದಕ್ಕೆ ಎರಡು ಬೇಕು, ಒಂದು ಕೆಲಸ, ಇನ್ನೊಂದು ಹುಲ್ಲು. ಅಮೆರಿಕದವರು ನಮ್ಮ ಎತ್ತಿಗೆ ಮಾಂಸದ ಕೆಲಸ ಕೊಟ್ಟರು. ಆ ಕೆಲಸ ಇದ್ದದ್ದರಿಂದ ಹುಲ್ಲಿನ ನೆಲಕ್ಕೆ ಅಲ್ಲಿ ಬೆಲೆ ಉಳಿಯಿತು, ಮಕ್ಕಳು ಮೊಮ್ಮಕ್ಕಳು ಅದನ್ನು ಹಿಡಿದು ಕೂತರು. ನಮ್ಮಲ್ಲಿ ಎತ್ತಿನ ಯುದ್ಧದ ಕೆಲಸ ಹೋಯಿತು, ಆಮೇಲೆ ನೇಗಿಲಿನ ಕೆಲಸವೂ ಹೋಯಿತು. ಹಸುವನ್ನು ಪೂಜಿಸುತ್ತೇವೆ, ಅದು ಮೇಯುವ ನೆಲವನ್ನು 'ಬೀಡು' ಅಂತ ದಾಖಲೆಯಲ್ಲಿ ಬರೆಯುತ್ತೇವೆ. ದನವನ್ನು ಉಳಿಸಲು ಕಾಯ್ದೆ ಮೇಲೆ ಕಾಯ್ದೆ ಬಂತು, ಹುಲ್ಲನ್ನು ಉಳಿಸಲು ಯಾರೂ ಬರಲಿಲ್ಲ. ಗೋಧ್ಯಕ್ಷರು ಬಹಳ, ವಿವೀತಾಧ್ಯಕ್ಷ ಒಬ್ಬನೂ ಇಲ್ಲ.

ಒಂದು ಕಾಲಕ್ಕೆ ಲಕ್ಷಾಂತರ ಎಕರೆ ಇದ್ದ ಅಮೃತಮಹಲ್ ಕಾವಲುಗಳು ಹೇಗೆ ಕರಗಿದವು ಅನ್ನುವುದು ಒಂದೇ ದಿನದ ಕಥೆಯಲ್ಲ. ಸ್ವಾತಂತ್ರ್ಯದ ಸಮಯದಲ್ಲಿ 'ಹೆಚ್ಚು ಆಹಾರ ಬೆಳೆಯಿರಿ' ಅಂತ ಸಾಗುವಳಿಗೆ ಕೊಟ್ಟರು. ಭೂಮಿಯಿಲ್ಲದವರಿಗೆ ಹಂಚಿದರು, ಅದನ್ನು ತಪ್ಪೆನ್ನಲಾರೆ. ಅರಣ್ಯ ಇಲಾಖೆ ನೀಲಗಿರಿ ನೆಟ್ಟಿತು. ಒತ್ತುವರಿ ಅಂತೂ ಇದ್ದದ್ದೇ. ಆದರೆ ದೊಡ್ಡ ಪೆಟ್ಟು ಬಿದ್ದದ್ದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ. ಖುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಸುಮಾರು ಹತ್ತು ಸಾವಿರ ಎಕರೆ 2007ರ ನಂತರದ ಕೆಲವೇ ವರ್ಷಗಳಲ್ಲಿ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಡಿಆರ್‌ಡಿಒಗೆ 4,290 ಎಕರೆ, ಬಾಬಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573. ಹಳ್ಳಿಯವರಿಗೆ ವಿಷಯ ತಿಳಿದದ್ದು ಬಹುಮಟ್ಟಿಗೆ ಗೋಡೆ ಏಳತೊಡಗಿದ ಮೇಲೆಯೇ. ಕುರಿ, ದನ ಮೇಯಿಸಿಕೊಂಡು, ಕಂಬಳಿ ನೇಯ್ದುಕೊಂಡು ಬದುಕಿದ್ದ ಊರುಗಳ ಎದುರು ಮೈಲುಗಟ್ಟಲೆ ಗೋಡೆ. ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2014ರಲ್ಲಿ ಬಂದ ಆದೇಶದಲ್ಲಿ ಷರತ್ತುಗಳಿದ್ದವು, ಯೋಜನೆಗಳು ಮುಂದುವರಿದವು.

2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ರಾಕೆಟ್ ವಿಮಾನ ಹೆಲಿಕಾಪ್ಟರಿನಿಂದ ಕಳಚಿಕೊಂಡು ತಾನಾಗಿಯೇ ಬಂದು ಓಡುದಾರಿಯಲ್ಲಿ ಇಳಿಯಿತು. ಟೀವಿಯಲ್ಲಿ ನೋಡಿ ನಾನೂ ಹೆಮ್ಮೆಪಟ್ಟೆ. ಇಳಿದದ್ದು ಚಳ್ಳಕೆರೆಯ ಆ ಕಾವಲಿನಲ್ಲೇ. ಮೈಸೂರಿನ ರಾಕೆಟ್ಟುಗಳೂ ಮೈಸೂರಿನ ಎತ್ತುಗಳೂ ಒಂದು ಕಾಲಕ್ಕೆ ಒಂದೇ ಸೈನ್ಯದಲ್ಲಿದ್ದವು. ಈಗ ರಾಕೆಟ್ಟಿಗೆ ಜಾಗ ಸಿಕ್ಕಿದೆ, ಎತ್ತಿಗೆ ಇಲ್ಲ. ದೇಶಕ್ಕೆ ಎರಡೂ ಬೇಕು ಅಂತ ಯಾರಾದರೂ ಮೊದಲೇ ಕೂತು ಲೆಕ್ಕ ಹಾಕಿದ್ದರೆ ಎರಡಕ್ಕೂ ಜಾಗ ಇತ್ತೇನೋ. ಲೆಕ್ಕ ಹಾಕುವವರಿಗೆ ಅದು ಖಾಲಿ ಜಮೀನಾಗಿ ಕಂಡಿತ್ತು, ಅಷ್ಟೆ.

ಅದೇ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮ್ಯಾಸಬೇಡರಲ್ಲಿ 'ದೇವರ ಎತ್ತು'ಗಳ ಪದ್ಧತಿ ಇದೆ. ದೇವರಿಗೆ ಬಿಟ್ಟ ಹಿಂಡು. ನೊಗ ಕಟ್ಟುವುದಿಲ್ಲ, ಮಾರುವುದಿಲ್ಲ. ಕಿಲಾರಿಗಳು ತಂದೆಯಿಂದ ಮಗನಿಗೆ ಅಂತ ತಲೆಮಾರುಗಳಿಂದ ಅವನ್ನು ಬಯಲಿನಲ್ಲಿ ಮೇಯಿಸಿಕೊಂಡು ಬಂದಿದ್ದಾರೆ. ಟ್ರ್ಯಾಕ್ಟರು ಬಂದರೂ ಈ ದನಗಳ ಕೆಲಸ ಹೋಗಲಿಲ್ಲ, ಏಕೆಂದರೆ ಅವು ದೇವರ ಕೆಲಸದಲ್ಲಿವೆ. ಆದರೆ ದೇವರ ಎತ್ತಿಗೂ ಹೊಟ್ಟೆ ಇದೆಯಲ್ಲ? ಬರಗಾಲದಲ್ಲಿ ಅವಕ್ಕೆ ಮೇವು ಒದಗಿಸಿ ಅಂತ ಭಕ್ತರನ್ನೂ ಸರ್ಕಾರವನ್ನೂ ಬೇಡುವ ಸುದ್ದಿ ಪದೇಪದೇ ಬರುತ್ತದೆ. ಭಕ್ತಿ ಇದೆ, ತಲೆಮಾರಿನ ವಿದ್ಯೆ ಇದೆ, ಬಯಲು ಕಿರಿದಾಗಿದೆ.

ಎಲ್ಲ ಮುಗಿಯಿತು ಅಂತ ಹೇಳುತ್ತಿಲ್ಲ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ, ಹೋರಿಕರುಗಳ ಹರಾಜು ನಡೆಯುತ್ತದೆ. ಹಾವೇರಿ, ಶಿಕಾರಿಪುರ ಕಡೆ ಹೋರಿ ಹಬ್ಬಕ್ಕೆ ಇಂಥ ಚುರುಕಿನ ಹೋರಿಗಳೆಂದರೆ ಪ್ರಾಣ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ದನ ಮೇಯುತ್ತಿದ್ದ ಬಯಲೇ ಜಿಂಕೆಗೂ ಮನೆ ಅಂತ ಕಡೆಗಾದರೂ ಗೊತ್ತಾಯಿತು. ತೋಳ, ನರಿ, ನೆಲದಲ್ಲಿ ಗೂಡು ಮಾಡುವ ಹಕ್ಕಿಗಳು ಎಲ್ಲಕ್ಕೂ ಆ ಹುಲ್ಲು ಬೇಕು. ಅಲ್ಲಿ ಗಿಡ ನೆಟ್ಟು 'ಕಾಡು' ಮಾಡಿದರೆ ಅವಕ್ಕೆ ಉಪಕಾರವಾಗುವುದಿಲ್ಲ.

ಇಷ್ಟು ಹೇಳಿ ದಿಲ್ಲಿಯ ಮಾತು ಬಿಟ್ಟರೆ ತಪ್ಪಾದೀತು, ಯಾಕೆಂದರೆ ಚಾಣಕ್ಯಪುರಿಯೂ ಖಾಲಿ ಜಾಗವಾಗಿರಲಿಲ್ಲ. ಇಲ್ಲಿನ ಮಾಲ್ಚಾ ಮಾರ್ಗದ ಹೆಸರು ಕೇಳಿರುತ್ತೀರಿ. ಮಾಲ್ಚಾ ಎಂಬುದು ಹೊಲ, ದನ, ಬಯಲು ಇದ್ದ ಊರು. 1911ರಲ್ಲಿ ರಾಜಧಾನಿ ದಿಲ್ಲಿಗೆ ಬರುತ್ತದೆಂದು ಘೋಷಣೆಯಾದ ಮೇಲೆ 1894ರ ಭೂಸ್ವಾಧೀನ ಕಾಯ್ದೆಯಡಿ ರಾಯ್‌ಸೀನಾ, ಮಾಲ್ಚಾ ಮುಂತಾದ ಹಳ್ಳಿಗಳ ನೆಲ ಹೋಯಿತು. ಮಾಲ್ಚಾದವರು ಬಹಳ ಮಂದಿ ಈಗಿನ ಹರಿಯಾಣದ ಸೋನಿಪತ್ ಹತ್ತಿರದ ಹರ್ಸಾನಾಕ್ಕೆ ಹೋಗಿ ನೆಲೆಸಿದರು. ಆ ಊರಿಗೆ ಹಳೆಯ ಹೆಸರೂ ಅಂಟಿಕೊಂಡು ಹರ್ಸಾನಾ ಮಾಲ್ಚಾ ಆಯಿತು. ಪರಿಹಾರದ ತಗಾದೆಯನ್ನು ಮೊಮ್ಮಕ್ಕಳ ಕಾಲದಲ್ಲೂ ಕೋರ್ಟಿಗೆ ಒಯ್ದರು. ಪಕ್ಕದ ರಿಡ್ಜ್ ಗುಡ್ಡದಲ್ಲಿ ದನ ಕುರಿ ಮೇಯಿಸುವುದನ್ನು ತಡೆದು, ಹೊಸ ನಗರಕ್ಕೆ ಹಸಿರು ಹಿನ್ನೆಲೆ ಬೇಕೆಂದು ಮರ ಬೆಳೆಸಿದರು. ಆಗ ತಂದು ಹಾಕಿದ ಒಂದು ಗಿಡ ಇವತ್ತು ರಿಡ್ಜನ್ನೆಲ್ಲ ಆಕ್ರಮಿಸಿಕೊಂಡಿದೆ. ಇಲ್ಲಿಯವರು ಅದನ್ನು ವಿಲಾಯತಿ ಕೀಕರ್ ಅನ್ನುತ್ತಾರೆ. ನಮಗದು ಗೊತ್ತಿರುವುದೇ, ಬಳ್ಳಾರಿ ಜಾಲಿ! ಚಳ್ಳಕೆರೆ ಸೀಮೆಯ ಬಯಲಿನಲ್ಲೂ ಹುಲ್ಲನ್ನು ನುಂಗುತ್ತಿರುವುದು ಇದೇ. ದನ ಅದರ ಕಾಯಿ ತಿನ್ನುತ್ತದೆ, ಸಗಣಿಯಲ್ಲಿ ಬೀಜ ಹರಡುತ್ತದೆ, ಅಡಿಯಲ್ಲಿ ಹುಲ್ಲು ಸಾಯುತ್ತದೆ. ದಿಲ್ಲಿಗೂ ದುರ್ಗಕ್ಕೂ ಒಂದೇ ಮುಳ್ಳು.

ನಿಯಮಗಳು ಇಲ್ಲವೆಂದಲ್ಲ. ಕರ್ನಾಟಕದ ಭೂಕಂದಾಯ ನಿಯಮದ ಪ್ರಕಾರ ಹಳ್ಳಿಯಲ್ಲಿ ನೂರು ರಾಸುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ಊರೊಟ್ಟಿನ ನೆಲಗಳ ಒತ್ತುವರಿ ಬಿಡಿಸಿ ಅಂತ ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಆದರೆ ಈ ನಿಯಮದಲ್ಲೇ ಒಂದು ಕೊಕ್ಕೆ ಇದೆ, ನೋಡಿ. ಹುಲ್ಲಿನ ಲೆಕ್ಕ ದನದ ತಲೆಯ ಮೇಲೆ. ಟ್ರ್ಯಾಕ್ಟರು ಬಂದು ದನ ಕಡಿಮೆಯಾದಷ್ಟೂ ಗೋಮಾಳ 'ಹೆಚ್ಚುವರಿ' ಆಗುತ್ತದೆ. ಹೆಚ್ಚುವರಿ ಆದದ್ದನ್ನು ಬೇರೆಯವರಿಗೆ ಕೊಡುತ್ತಾರೆ. ಕೊಟ್ಟ ಮೇಲೆ ಉಳಿದ ದನಕ್ಕೂ ಮೇವಿಲ್ಲ, ಅವೂ ಹೋಗುತ್ತವೆ. 1860ರಲ್ಲಿ ಹಿಂಡು ಚದುರಿದರೂ ಕಾವಲು ಇತ್ತು, ಆದ್ದರಿಂದ 1866ರಲ್ಲಿ ಮತ್ತೆ ಕೂಡಿಸಲು ಸಾಧ್ಯವಾಯಿತು. ಈಗ ದನ ಹೋಗುವ ಮೊದಲೇ ಕಾವಲು ಹೋದರೆ ಮುಂದೆ ಯಾರಿಗಾದರೂ ಬುದ್ಧಿ ಬಂದಾಗ ಎಲ್ಲಿ ಕೂಡಿಸುವುದು?

ನಮ್ಮ ಊರಿನ ಸುತ್ತ ಇನ್ನೂ ಎರಡು ಕಾವಲುಗಳ ಹೆಸರು ದಾಖಲೆಯಲ್ಲಿವೆ. ಒಂದರಲ್ಲಿ ಹುಲ್ಲೂ ಇದೆ. ಊರಿಗೆ ಹೋದಾಗೆಲ್ಲ ಅಣ್ಣನ ಮಗನಿಗೆ ಹೇಳುವುದಿಷ್ಟೇ: ಅದರ ಪಹಣಿ ತೆಗೆಸಿ ಇಟ್ಟುಕೋ, ವರ್ಷಕ್ಕೊಮ್ಮೆ ನೋಡುತ್ತಿರು. ಪಹಣಿ ಈಗ ಕಂಪ್ಯೂಟರಿನಲ್ಲೇ ಸಿಗುತ್ತದೆ. ನಿಮ್ಮೂರಿನ ಸರ್ವೆ ನಂಬರುಗಳಲ್ಲಿ 'ಅಮೃತಮಹಲ್ ಕಾವಲು' ಅಂತಲೋ, 'ಗೋಮಾಳ' ಅಂತಲೋ, 'ಹುಲ್ಲುಬನ್ನಿ' ಅಂತಲೋ ಇದೆಯೇ, ಇದ್ದರೆ ಈಗ ಯಾರ ಹೆಸರಿನಲ್ಲಿದೆ ಅಂತ ನೀವೂ ಒಮ್ಮೆ ನೋಡಿ. ಸರ್ಕಾರ ವಿವೀತಾಧ್ಯಕ್ಷನನ್ನು ನೇಮಿಸುವ ತನಕ ಆ ಕೆಲಸವನ್ನು ಊರಿಗೊಬ್ಬರು ಮಾಡಿದರೂ ಸಾಕು. ಸಂಬಳ ಇಲ್ಲ, ಶಂಖ ನಗಾರಿ ಬಾರಿಸುವ ಹಕ್ಕು ಮಾತ್ರ ಇದೆ.